ಅರ್ಧ ವೋಲ್ಟು

ಹುಮನಾಬಾದ್ ಬೈಪಾಸಿನಾಗ, ಜಾಲಿ ಗಿಡದ ಬುಡಕ,
ಇಂಜಿನ್ನಿನೊಳಗ ಸೊಂಟದ ತನ ಇಳದಾನ ಗೈಬುಸಾಬ.
ಹಿಂದ ಹತ್ತು ಟನ್ ಶಹಾಬಾದ್ ಫರಸಿ.
ಏರಿ ಬಂತಂದ್ರ ತಡವರಸ್ತಿತ್ತು ನನ್ನ ಹಳೇ ಲಾರಿ,
ಕೋರ್ಟಿನಾಗ ಸುಳ್ಳು ಸಾಕ್ಷಿ ನಿಂತಂಗ.

ಥ್ರಾಟಲ್ ಸೆನ್ಸರಿನ ಎರಡೂ ಸ್ಕ್ರೂ ಸಡ್ಲ ಮಾಡಿ
ಕಿವಿ ಹಚ್ಚಿದ. ಹಳೇ ಚಟ.
"ಅದಕ್ಕ ಆವಾಜ್ ಇಲ್ಲ ಮಾಮು,"
ಮೀಟರ್ ಹಿಡದು ಕುಂತ ಸೊಸಿ ಜುಬೇದಾ ಅಂದ್ಳು.
ಬಿಸಲಾಗ ಅಂಕಿ ಕಾಣವಲ್ಲವು;
ದುಪಟ್ಟಾ ನೆಳ್ಳು ಮಾಡಿ ಓದ್ತಾಳ:
ಪಾಯಿಂಟ್ ನಲವತ್ನಾಲ್ಕು.
ನಲವತ್ತೆಂಟು.
ಐವತ್ತು, ನಿಲ್ಲು, ನಿಲ್ಲು!

ಬಿಗದ. ಐವತ್ಮೂರಕ್ಕ ಜಾರ್ತು.
ಸಡ್ಲ. ಬಿಗಿ. ಮತ್ತ ಐವತ್ಮೂರು.
ನಾ ಎರಡು ಬೀಡಿ ಸುಟ್ಟೆ.
ಸಿಮೆಂಟ್ ಗಾಡಿಯೊಂದು ಧೂಳ ಉಗ್ಗಿ ಹ್ವಾತು.

ಮೂರನೇ ಸಲ ನಲವತ್ತೇಳಕ್ಕೇ ಕೈ ನಿಲ್ಲಿಸಿದ.
"ಇನ್ನಾ ಮೂರು ಕಮ್ಮಿ ಅದ."
"ಇರ್ಲಿ. ಬಿಗಿಬೇಕಾದ್ರ ತಾನೇ ಬರ್ತದ."
ಬಂತು.

ಎಕ್ಸಲೇಟರ್ ಒತ್ತಿದೆ:
ಒಂದು ಅಕ್ಷರಾನೂ ನುಂಗದೆ
ಸರ್ರ್ ಅಂತ ಏರ್ತು ಇಂಜಿನ್.

"ಎಷ್ಟು ಕೊಡ್ಲಿ, ಸಾಬ್?"
ಎಣ್ಣಿ ಕೈ ಜಾಲಿ ಬೊಡ್ಡಿಗಿ ಒರಸ್ಕೋತ,
"ಅಂಕಿ ಓದಿದಾಕಿಗಿ ಕೇಳು."

ವೈರ್ ಸುತ್ತಕೋತಿದ್ದ ಜುಬೇದಾ,
"ಐನೂರು," ಅಂದ್ಳು,
ಮೀಟರ್ ನೋಡದೇ.