ಎರಡು ಕಪ್ಪು ಗುಂಡು

ಅರಸೀಕೆರೆಯ ಕೊಬ್ಬರಿ ಮಂಡಿಯ ಮೇಲಂತಸ್ತಿನಲ್ಲಿ
ಸಂಜೆ ಐದರಿಂದ ಏಳು ನನ್ನ ಟ್ಯೂಷನ್ನು.
ಕೆಳಗೆ ಹಮಾಲರು ಚೀಲ ಒಗೆದಾಗ
ನೆಲ ಒಂದಿಷ್ಟು ಅದುರುತ್ತದೆ.
ಈಗಲೂ ನನಗೆ ಕಾಲು ಅಗಲಿಸಿ ನಿಲ್ಲುವ ಅಭ್ಯಾಸ.

“ಮಿಸ್, ಸಮುದ್ರ ಹೇಗಿರತ್ತೆ?” ಅಂತಾಳೆ ರುಹೀನಾ,
ಕಂತೇನಹಳ್ಳಿ ಕೆರೆ ತುಂಬಿದ್ದನ್ನು ಒಂದೇ ಸಲ ಕಂಡವಳು.
ಅಷ್ಟೇನೂ ಗೊತ್ತಿಲ್ಲ ಕಣೇ,
ನಾನು ಕಂಡದ್ದು ಹೆಚ್ಚಾಗಿ ಊಟದ ಕೋಣೆ.

ಇವರು ಸೆಕೆಂಡ್ ಎಂಜಿನಿಯರು.
ಒಂದು ಪಯಣಕ್ಕೆ ಹೆಂಡತಿ ಜೊತೆಗಿರಬಹುದು ಅಂದಿತ್ತು ಕಂಪನಿ.
ಬ್ರೆಜಿಲಿನಿಂದ ಚೀನಾಕ್ಕೆ ಸೋಯಾ, ನಲವತ್ತಮೂರು ದಿನ.
ಮೂರನೆಯ ದಿನ ಕ್ಯಾಪ್ಟನ್ ಬಂದ:
ಮೇಡಂ ಟೀಚರಂತೆ, ನಮ್ಮವರ ಇಂಗ್ಲಿಷು ಸ್ವಲ್ಪ ರಿಪೇರಿ ಮಾಡಿ,
ಬಂದರಿನ ಇನ್ಸ್‌ಪೆಕ್ಟರು ಕೇಳಿದರೆ ಬಾಯಿ ಬಿಡುವಷ್ಟು.

ಕೊಟ್ಟ ಪುಸ್ತಕದಲ್ಲಿ ಕಥೆ ಇಲ್ಲ, ಪದ್ಯ ಇಲ್ಲ.
ಲಂಗರು ಜಾರುತ್ತಿದೆ.
ಎರಡನೇ ಗೋದಾಮಿಗೆ ನೀರು ನುಗ್ಗುತ್ತಿದೆ.
ಮನುಷ್ಯ ನೀರಿಗೆ ಬಿದ್ದಿದ್ದಾನೆ.
ಕೇಳಿಸಲಿಲ್ಲ, ಇನ್ನೊಮ್ಮೆ ಹೇಳು.
ಒಂದೊಂದೂ ಗಾಬರಿಯ ವಾಕ್ಯ,
ಒಂದಕ್ಕೂ ಉದ್ಗಾರ ಚಿಹ್ನೆ ಇಲ್ಲ.

ಅಡುಗೆಯ ಎಫ್ರೆನ್, ಬೋಸನ್ ರೊಮೆಲ್,
ರತ್ನಾಗಿರಿಯ ಫಿಟ್ಟರ್ ದಾವೂದ್,
ಬರ್ಮಾದ ಆಯಿಲರ್ ಥೀಹಾ, ಮೀಸೆ ಇನ್ನೂ ಮೂಡುತ್ತಿತ್ತು.
ಥೀಹಾ ಬರೆದ: ಫಿಯರ್ ಕಮ್ ಟು ಮಿ.
ಕೆಂಪು ಗೆರೆ ಎಳೆದು ತಿದ್ದಿದೆ: ಐ ಆಮ್ ಅಫ್ರೇಡ್.
ಅವತ್ತು ರಾತ್ರಿ ನಿದ್ದೆ ಹತ್ತಲಿಲ್ಲ.
ನಮ್ಮಲ್ಲೂ ಹಾಗೇ ಅಲ್ಲವೆ,
ಭಯ ಬರುತ್ತದೆ, ಹಸಿವಾಗುತ್ತದೆ, ನೆನಪೂ ತಾನಾಗಿ ಆಗುತ್ತದೆ,
ಬಂದದ್ದು ನೆಂಟನ ಹಾಗೆ ಎದ್ದು ಹೋಗಲೂಬಹುದು.
ಐ ಆಮ್ ಅಂದರೆ ಆಳು ಪೂರ್ತಾ ಭಯವೇ.
ಬೆಳಿಗ್ಗೆ ಆ ಕೆಂಪು ಗೆರೆಯನ್ನು ಬ್ಲೇಡಿನಿಂದ ಕೆರೆದೆ,
ಹಾಳೆ ತೂತಾಯಿತು.

ಹತ್ತೊಂಬತ್ತನೆಯ ದಿನ ಎಂಜಿನ್ ನಿಂತಿತು.
ಸದ್ದು ನಿಂತಾಗಲೇ ಗೊತ್ತಾದದ್ದು, ಇಷ್ಟು ದಿನ ಸದ್ದಿತ್ತು ಅಂತ.
ಕಂಬಕ್ಕೆ ಎರಡು ಕಪ್ಪು ಗುಂಡು ಏರಿಸಿದರು,
ಒಂದರ ಕೆಳಗೊಂದು.
ಹಾಸನ ರಸ್ತೆಯ ಅರೆಕಟ್ಟಿದ ಮನೆಗಳ ಮುಂದೆ
ದೃಷ್ಟಿಗೆ ನೇತುಹಾಕುವ ಮಸಿ ಮಡಕೆ ನೆನಪಾಗಿ ಕೇಳಿದೆ:
ಇಲ್ಲಿ ಯಾರ ಕಣ್ಣು ಬೀಳುತ್ತದೆ?
ದಾವೂದ್ ಪುಸ್ತಕ ತೆಗೆದು ನನಗೇ ಪಾಠ ಹೇಳಿದ:
ನಾಟ್ ಅಂಡರ್ ಕಮಾಂಡ್.
ಈ ಹಡಗು ತನ್ನ ಹಿಡಿತದಲ್ಲಿ ತಾನಿಲ್ಲ,
ನೀವೇ ಪಕ್ಕಕ್ಕೆ ಸರಿದು ಹೋಗಿ.

ಅವತ್ತಿನ ಅಭ್ಯಾಸ, ಬಿಟ್ಟ ಸ್ಥಳ ತುಂಬಿರಿ:
ಐ ಆಮ್ ನಾಟ್ ಅಂಡರ್ ಕಮಾಂಡ್, ಬಿಕಾಸ್…
ರೊಮೆಲ್: ಬಿಕಾಸ್ ಹಲ್ಲುನೋವು.
ಎಫ್ರೆನ್: ಬಿಕಾಸ್ ಈರುಳ್ಳಿ ಮುಗಿದಿದೆ, ಯಾರಿಗೂ ಹೇಳಿಲ್ಲ.
ದಾವೂದ್: ಬಿಕಾಸ್ ತಮ್ಮನ ಸಾಲಕ್ಕೆ ಸಹಿ ನನ್ನದು.
ಥೀಹಾ ಬರೆಯಲಿಲ್ಲ. ಎರಡು ಗುಂಡು ಬರೆದು
ಪೆನ್ಸಿಲಿನಿಂದ ತಿಕ್ಕಿ ತಿಕ್ಕಿ ಕಪ್ಪು ಮಾಡಿದ.
ಹತ್ತಕ್ಕೆ ಹತ್ತು ಕೊಟ್ಟೆ.

ಮೂವತ್ತು ಗಂಟೆ ಕೆಳಗೇ ಇದ್ದು ಇವರು ಮೇಲೆ ಬಂದರು,
ಮೊಣಕೈವರೆಗೂ ಗ್ರೀಸು.
ಹಾಳೆಗಳನ್ನೆಲ್ಲ ಓದಿ, “ನೀನೇನು ಬರೆದೆ?” ಅಂದರು.
ನಾನು ಟೀಚರ್ರು, ಅಂದೆ.
ಕುರ್ಚಿಯಲ್ಲೇ ನಿದ್ದೆಹೋದರು.

ಈಗ ಬಸ್‌ಸ್ಟ್ಯಾಂಡಿನ ಹಿಂದೆ ಇವರ ಪಂಪ್‌ಸೆಟ್ ರಿಪೇರಿ ಅಂಗಡಿ.
ಕೊಳವೆಬಾವಿಯ ಆಳ ಮಾತಾಡುತ್ತಾರೆ, ಸಮುದ್ರದ್ದು ಇಲ್ಲ.
ವರ್ಷಕ್ಕೊಮ್ಮೆ ಥೀಹಾನ ದನಿ ಫೋನಿಗೆ ಬರುತ್ತದೆ,
ಗಾಳಿಯಲ್ಲಿ ಅರ್ಧ ಹರಿದು.
ಸೇ ಅಗೇನ್, ಅಂತೀನಿ. ಅವನೂ, ಸೇ ಅಗೇನ್.

ನಿನ್ನೆ ರುಹೀನಾ ಹೋಂವರ್ಕ್ ಮಾಡಿರಲಿಲ್ಲ.
ಅವಳಪ್ಪ ಕಟ್ಟಿಸುತ್ತಿರುವ ಮನೆ
ಲಿಂಟಲ್‌ಗೆ ಬಂದು ನಿಂತು ಎರಡು ವರ್ಷ.
ಬೈಯಲಿಲ್ಲ. ಬೋರ್ಡಿನ ಮೇಲೆ ಆ ವಾಕ್ಯ ಬರೆದೆ.
ಅವಳು ನೀಟಾಗಿ ನಕಲು ಮಾಡಿ ಕೇಳಿದಳು:
“ಬಿಕಾಸ್ ಆದಮೇಲೆ ಏನು ಬರೀಲಿ ಮಿಸ್?”
ಕೆಳಗೆ ಚೀಲ ಬಿತ್ತು, ನೆಲ ಅದುರಿತು.
ಎರಡು ಗೆರೆ ಜಾಗ ಬಿಡು, ಅಂದೆ,
ಬಿಟ್ಟು ಮುಂದಿನದಕ್ಕೆ ಹೋಗು.