ಹಲ್ಲು ಕೀಳಿಸಿದ ಸಂಜಿ

ಮಾತು ಬ್ಯಾಡ, ಬಿಸಿ ಬ್ಯಾಡ, ರೊಟ್ಟಿಯಂತೂ ಬ್ಯಾಡೇ ಬ್ಯಾಡ,
ಇವತ್ತೊಂದಿನ ಸೂಪು ಕುಡಸ್ರಿ ಅಂದ ಹಲ್ಲಿನ ಡಾಕ್ಟರ.
ಅರಳಿ ಕಚಗೊಂಡ ಬಾಯಿಲೆ
ಬನಶಂಕರವ್ವ ನನ್ನ ನೋಡಿದಳು.
ನಾನು ಆಟೋದವನ್ನ ಕೇಳಿದೆ.
"ಸಾರೇ ರೀ ಕಾಕಾ, ಬಟ್ಟಲದಾಗ ಹಾಕಿದ್ರ ಸೂಪು."

ಮೊಳಿಗೆ ತೂಗಹಾಕಿದ ಗಂಟಿನಾಗ ಮಡಕಿ ಕಾಳು,
ಎರಡು ದಿನದ್ದು, ಬಾಲ ಬಂದಿತ್ತು.
ಬಕೆಟ್ಟಿನಾಗ ಕೆಂಪು ರಾಜಗಿರಿ, ಒಂದು ಸಿವುಡು.
ಮಗ್ಗದ ಕುಣಿಯಿಂದ ಒಲಿಗೆ ಹನ್ನೊಂದು ಹೆಜ್ಜಿ,
ಮೂವತ್ತೊಂದು ವರ್ಷ ಆದ್ರೂ
ಜೀರಿಗಿ ಡಬ್ಬಿ ಯಾವುದಂತ ಗೊತ್ತಿಲ್ಲ.
ಸಾವಿರ ಎಳಿಯಾಗ ಹರದದ್ದೊಂದು
ಕತ್ತಲದಾಗೂ ನನ್ನ ಬೆರಳಿಗೆ ಸಿಗತೈತಿ.
ಇಲ್ಲಿ ಹನ್ನೆರಡು ಡಬ್ಬಿ. ಎಲ್ಲಾ ಒಂದೇ ಥರ.
ಸಕ್ಕರಿ ಅಂತ ತಗದೆ, ಗುಂಡಿ ಇದ್ದುವು.

ಆಕಿ ಸ್ಟೂಲಿನ ಮ್ಯಾಲ ಕುಂತು
ಕೈಯಾಗ ಹೇಳಾಕ ಸುರು ಮಾಡಿದಳು.
ಎರಡು ಬೆರಳು ಎತ್ತಿದಳು, ಎರಡು ಸೀಟಿ ಅಂತ.
ನಾ ಎರಡು ಹಸಿಮೆಣಸಿನಕಾಯಿ ಮುರದು ಹಾಕಿದೆ.
ಹಣಿ ಬಡಕೊಂಡಳು.
ಅದೊಂದು ಸರಿಯಾಗಿ ತಿಳೀತು.

ಮಗ್ಗದ ಮಗ್ಗಲ ನಾ ಮಜೂರಿ ಲೆಕ್ಕ ಬರಿಯೂ ಪೆನ್ಸಿಲ್ ತಂದು
ಲೈಟ್ ಬಿಲ್ಲಿನ ಬೆನ್ನ ಮ್ಯಾಲ ಬರದಳು:

ಮೆಣಸಿನಕಾಯಿ ತಗಿ
ದಂಟು ಮದ್ಲ ಎಲಿ ಆಮ್ಯಾಲ
ಬೆಳ್ಳೊಳ್ಳಿ ಜಜ್ಜು ಕೊರೀಬ್ಯಾಡ
ಒಗ್ಗರಣಿ ಇಲ್ಲ
ಇಲ್ಲ ಅಂದ್ರ ಇಲ್ಲ

ಸಂಘದ ಪುಸ್ತಕದಾಗ ಆಕಿ ಸಹಿ ಕಂಡಿದ್ದೆ,
ಮಾತು ಬರದದ್ದು ಕಂಡಿರಲಿಲ್ಲ.
ನಾಕನೇತ್ತೆಗೆ ಸಾಲಿ ಬಿಟ್ಟಾಕಿ.
ರಾ ಅಕ್ಷರದ ಬಾಲ ಕುಡಗೋಲಿನಂಗ ಬಾಗಿ
ಮುಂದಿನ ಅಕ್ಷರದ ಕಾಲಿಗೆ ತಾಗತಿತ್ತು.
ಜಗಳದ ದನಿ ಕಾಗದದಾಗೂ ಅದೇ.
ನಾ ಎರಡು ಸಲ ಓದಿದೆ, ತಿಳೀಲಿಲ್ಲ ಅನ್ನೋವರಂಗ.
ಒಲಿ ಕಡೆ ಬೆರಳು ಮಾಡಿದಳು.

ಕುಕ್ಕರ ಒದರಿತು. ಓಣ್ಯಾಗಿನ ಮಗ್ಗ ಒಂದೂ ನಿಲ್ಲಲಿಲ್ಲ.
ಕಾಳು ಅರ್ಧ ಸೌಟಿನ ಬೆನ್ನಿಲೆ ಮಸದೆ,
ಅರ್ಧ ಹಂಗ ಬಿಟ್ಟೆ, ಬಿಡು ಅಂತ ಆಕಿ ಕೈ ಮಾಡಿದ್ದಕ್ಕ.
ಜಜ್ಜಿದ ಬೆಳ್ಳೊಳ್ಳಿ ಬಿತ್ತು, ದಂಟು ಬಿತ್ತು,
ಆಮ್ಯಾಲ ಎಲಿ.
ಎಲಿ ಬೀಳೂದೇ ತಡ ನೀರೆಲ್ಲಾ ಕೆಂಪ.
ಬಣ್ಣ ಬಿಡೂ ನೂಲು ಬಂದ್ರ
ಸಾವಕಾರಗ ವಾಪಸ್ ಒಗದು ಬರಾಂವ ನಾನು.
ಇದನ್ನ ಯಾರಿಗೆ ಒಗೀಲಿ?
ಹತ್ತೇ ನಿಮಿಷದ ಅಡಗಿ ಅಂತಾರ.
ಗಡಿಯಾರ ನೋಡಿದೆ, ಐವತ್ತು ಆಗಿತ್ತು.

ಈ ಗುಂಡಿಯಿಂದ ಆ ಗುಂಡಿಗೆ ಹನಸಿ ಹನಸಿ ಆರಿಸಿದೆ,
ಬೆರಳದ್ದಿ ನೋಡಿದೆ, ಮತ್ತ ಹನಸಿದೆ.
ಚಮಚೆ ಎತ್ತಿದಳು.
ಮರಗಟ್ಟಿದ ತುಟಿ, ಎಡಕ್ಕ ಸೋರಿತು.
ಹೆಗಲ ಮ್ಯಾಲಿನ ಟವೆಲ್ಲಿನ ತುದಿಲೆ ಒರಸಿದೆ.
ಮೋತಿ ತಿರುವಲಿಲ್ಲ.
ಇನ್ನೊಂದು ಚಮಚೆ. ಇನ್ನೊಂದು.
ಹೆಂಗೈತಿ ಅಂದೆ.
ಪೆನ್ಸಿಲ್ ತಗೊಂಡು
ಬಿಲ್ಲಿನ ಮೂಲ್ಯಾಗ ಏನೋ ಬರದಳು, ಒಂದೇ ಶಬ್ದ.
ನಾ ಕನ್ನಡಕ ಹುಡುಕಿ ತರೂದ್ರಾಗ
ಅದರ ಮ್ಯಾಲ ಸೂಪು ಒಂದು ಹನಿ ಬಿದ್ದು
ಕೆಂಪಾಗಿ ಹಬ್ಬಿತ್ತು.

ಮರುದಿನ ಬಾಯಿ ಬಂತು.
ನಿನ್ನೆ ಉಳದದ್ದೆಲ್ಲಾ ಬಡ್ಡಿ ಸಮೇತ ಬಂತು,
ಡಬ್ಬಿ ಮುಚ್ಚಳದ್ದು, ಬೆಳ್ಳೊಳ್ಳಿ ಸಿಪ್ಪಿದು,
ಒಲಿಕಟ್ಟಿ ಮ್ಯಾಲಿನ ಕೆಂಪು ಕಲಿದು.
ಎಲ್ಲಾ ಮುಗದ ಮ್ಯಾಲ
ಮೂಲ್ಯಾಗ ಏನು ಬರದಿದ್ದಿ ಅಂದೆ.
"ಯಾವುದು?" ಅಂದಳು.
"ಉಪ್ಪು ಅಂತ ಇರಬೇಕು."

ಉಪ್ಪು ಎಂದಾದ್ರೂ ಅಷ್ಟು ಉದ್ದ ಇರತೈತೇನು?

ಇಪ್ಪತ್ತಕ್ಕ ಬಿಲ್ಲು ಕಟ್ಟೂ ಕಡೀ ದಿನ.
ಕಾಗದ ತೋರಸದ
ಬಾಯಿಲೆ ನಂಬರ ಹೇಳಿದ್ರ ನಡೀತೈತೇನಂತ
ನಾಳೆ ಹೋಗಿ ಕೇಳಿ ಬರಬೇಕು.