ಹೆಚ್ಚುವರಿ ಎಳೆ

ಕಾಲು ತೆಗೆದ ಮೇಲೂ ಮಿಷನ್ ಓಡುತ್ತಿದ್ದರೆ
ನೀವೇನು ಮಾಡುತ್ತೀರಿ?
ನಾನು ಹೊಲಿಗೆಯವಳು, ಬೆಲ್ಟು ಜಾರಿಸುತ್ತೇನೆ.
ಇಲ್ಲಿ, ಎಡಮೊಲೆಯ ಕೆಳಗೆ, ಬೆಲ್ಟು ಎಲ್ಲಿದೆ?

ವಿರಾಜಪೇಟೆ, ಗಡಿಯಾರ ಕಂಬದ ಹಿಂದಿನ ಅಂಗಡಿ.
ಪುತ್ತರಿಗೆ ಹನ್ನೊಂದು ಕುಪ್ಯ ಬಾಕಿ,
ಕಪ್ಪು ಬಟ್ಟೆಗೆ ಕಪ್ಪು ನೂಲು, ಕಣ್ಣಿಗೆ ಶಿಕ್ಷೆ.
ಬಿದ್ದ ಕತ್ತರಿಗೆ ಬಗ್ಗಿದೆ, ಅಷ್ಟೇ.
ಟಕ್ಕೆಂದು ಶುರು.
ಮೆಲ್ಲನೆ ಏರಿದ್ದಲ್ಲ, ಸ್ವಿಚ್ಚು ಒತ್ತಿದ ಹಾಗೆ.

ಹತ್ತೊಂಬತ್ತು ವರ್ಷದಿಂದ ಇದಕ್ಕೆ
ಬೇರೆ ಬೇರೆ ಹೆಸರು: ಗ್ಯಾಸು, ರಕ್ತ ಕಡಿಮೆ,
ಮುಟ್ಟು ನಿಲ್ಲುವ ಕಾಲ.
ನಾದಿನಿ ಅಂದಳು, "ನಿಂಗೆ ಹೆದರಿಕೆ ಜಾಸ್ತಿ, ನಬೀಸಾ."
ಒಪ್ಪಿಕೊಂಡಿದ್ದೆ.
ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅದು ನಿಂತಿರುತ್ತಿತ್ತು,
ಕಾಗದದ ಮೇಲೆ ನಾನೇ ಸುಳ್ಳುಗಾತಿ.

ಈ ಸಲ ನಿಲ್ಲಲಿಲ್ಲ.
ಅಳತೆ ನೋಡಲು ಬಂದಿದ್ದ ಪಳಂಗಪ್ಪನವರು
ಒಂದೇ ತೋಳಿನ ಕುಪ್ಯದಲ್ಲಿ, ಗುಂಡುಪಿನ್ನುಗಳ ಸಮೇತ,
ಜೀಪು ಓಡಿಸಿದರು.

ಡಾಕ್ಟರು ಹಾಸನದ ಕಡೆಯ ಹುಡುಗ.
ಗುಲಾಬಿ ಚೌಕುಳಿ ಕಾಗದ ಹೊರಬಂತು, ಇಣುಕಿದೆ:
ಒತ್ತೊತ್ತಾಗಿ ಚಿಕ್ಕ ಹೊಲಿಗೆ, ಒಂದೂ ತಪ್ಪಿಲ್ಲ.
ನನ್ನ ಕೈಗೂ ಇಷ್ಟು ನೇರ ಬಂದಿಲ್ಲ.
"ನೂರ ತೊಂಬತ್ತೆರಡು," ಅಂದ.

ಸೂಜಿಯಿಲ್ಲದ ಸಿರಿಂಜು ಕೊಟ್ಟು "ಊದಿ" ಅಂದ,
ಹದಿನೈದು ಎಣಿಸಿ, ತಟ್ಟನೆ ಅಂಗಾತ ಮಲಗಿಸಿ
ಕಾಲೆರಡೂ ಮೇಲೆತ್ತಿ ಹಿಡಿದ.
ಮೊದಲ ಸಲ ಆಗಲಿಲ್ಲ.
ಎರಡನೇ ಸಲ
ಒಳಗೊಂದು ಖಾಲಿ,
ಮಾಕುಟ್ಟದ ತಿರುವಲ್ಲಿ ಬಸ್ಸು ಗೇರು ಬದಲಿಸುವಾಗಿನ ಹಾಗೆ,
ಆಮೇಲೆ ಧಪ್.
ಧಪ್.

"ಹುಟ್ಟುವಾಗಲೇ ಮೇಲಿನ ಕೋಣೆಗೂ ಕೆಳಗಿನ ಕೋಣೆಗೂ ನಡುವೆ
ಒಂದು ಎಳೆ ಹೆಚ್ಚು ಉಳಿದಿರಬೇಕು, ಅಮ್ಮ.
ಕರೆಂಟು ಅದರಲ್ಲೇ ಸುತ್ತುತ್ತೆ."
ಎಳೆ ಅಂದನಲ್ಲ,
ಅಷ್ಟಕ್ಕೇ ಅತ್ತುಬಿಟ್ಟೆ.
ಹೆದರಿದ್ದಕ್ಕೆ ಓಡಿದ್ದಲ್ಲ ಹಾಗಾದರೆ,
ಓಡಿದ್ದಕ್ಕೆ ಹೆದರಿದ್ದು.

ಈಗ ಬೆಳಿಗ್ಗೆ ಅರ್ಧ ಮಾತ್ರೆ.
ಡ್ರಾಯರಿನಲ್ಲಿ ಬಾಬಿನ್ನುಗಳ ಜೊತೆ ಸಿರಿಂಜು.
ಬಂದರೆ ಊದುವುದು. ಎದೆ ನೊಂದರೆ, ಕಣ್ಣು ಕತ್ತಲಿಟ್ಟರೆ
ಊದುತ್ತ ಕೂರಬಾರದು, ಯಾರದಾದರೂ ಜೀಪು ಕೂಗಬೇಕು.
ಕಾಫಿ ಬಿಡಬೇಕಾ, ಕೇಳಿದೆ.
"ಕುಡಿದಾಗಲೇ ಬರುತ್ತಾ? ಬರೆದಿಡಿ."
ಬಿಲ್ಲು ಪುಸ್ತಕದ ಹಿಂದೆ ಬರೆಯುತ್ತಿದ್ದೇನೆ:
ಬಗ್ಗಿದಾಗ. ನಿದ್ದೆಗೆಟ್ಟಾಗ. ಮದುವೆ ಆರ್ಡರು ಇದ್ದಾಗ.
ಕಾಫಿ, ಇನ್ನೂ ಗೊತ್ತಿಲ್ಲ.

ಮೈಸೂರಲ್ಲಿ ತೊಡೆಯಿಂದ ತಂತಿ ಬಿಟ್ಟು
ಆ ಎಳೆಯನ್ನು ಸುಡುತ್ತಾರಂತೆ. ಫೆಬ್ರವರಿಗೆ ತಾರೀಖು.
ಮೂವತ್ತು ವರ್ಷ ಹೆಚ್ಚುವರಿ ದಾರ ಕತ್ತರಿಸಿದವಳು
ನಾನು ಕೇಳುವುದು ಒಂದೇ:
ಯಾವುದು ಹೆಚ್ಚು, ಯಾವುದು ಹೊಲಿಗೆ,
ಅಷ್ಟು ಕತ್ತಲಲ್ಲಿ ಹೇಗೆ ಕಾಣುತ್ತೆ ಅವರಿಗೆ?

ಪಳಂಗಪ್ಪನವರ ಎರಡನೇ ತೋಳು
ಇವತ್ತು ಹಾಕಿದೆ.